ಬಟ್ಟೆಯ ಬಸಿರು

ಭೀಮಾ ನದಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಪಾಡಿಗೆ ಹರಿಯುವ ನೀರು. ಬೇಸಿಗೆಯಲ್ಲಿ ಎಮ್ಮೆಗಳು ಬೆನ್ನು ಒದ್ದೆಯಾಗದಂತೆ ಅದನ್ನು ದಾಟಿ ಹೋಗುತ್ತವೆ. ಆ ನೀರಿನ ನಡುವೆ ಕಣ್ಣಿಗೆ ಕಾಣದ ಗೆರೆಯೊಂದನ್ನು ಎಳೆದು, ಆ ಕಡೆ ಒಂದು ಸರಕಾರ, ಈ ಕಡೆ ಇನ್ನೊಂದು ಎಂದವರ ಮೇಲೆ ಸಿಟ್ಟಿದೆ. ಆ ಗೆರೆ ಕಾಯಲು ಸಲಾಕೆ ಹಿಡಿದು ಕೂತವನ ಮೇಲೆ ಇದೆ. ಅದನ್ನು ದಾಟಲು ನನ್ನ ಅಕ್ಕನ ಹೊಟ್ಟೆಯನ್ನು ಬಳಸಿಕೊಂಡವರ ಮೇಲೆ ಎಲ್ಲರಿಗಿಂತ ಹೆಚ್ಚು ಇದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರು ಅನ್ನಲಿ. ನನ್ನದು ಇಳಿದಿಲ್ಲ, ಇಳಿಸುವ ಮನಸ್ಸೂ ನನಗಿಲ್ಲ.

ಇದು ಜರ್ಮನಿಯ ಲಡಾಯಿ ನಡೆದಿದ್ದ ಕಾಲದ ಮಾತು. ನಮ್ಮ ತವರು ಅಫಜಲಪುರ. ಅಪ್ಪನದು ಎಣ್ಣೆಯ ಗಾಣ, ಮನೆ ತುಂಬ ಯಾವಾಗಲೂ ಕುಸುಬೆಯ ವಾಸನೆ. ನಮ್ಮ ಸೀಮೆ ನಿಜಾಮರದು. ಜನ ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಹೊಳೆಯ ಆಚೆ ದಂಡೆ ಇಂಗ್ರೇಜಿ. ನನ್ನನ್ನು ಆಳಂದಕ್ಕೆ ಕೊಟ್ಟರು, ಅಕ್ಕನನ್ನು ಹೊಳೆಯ ಆಚೆಗೆ ಕೊಟ್ಟರು. ಘತ್ತರಗಿಯ ಭಾಗ್ಯವಂತಿ ಗುಡಿಯಿಂದ ದಂಡೆ ಹಿಡಿದು ಮೇಲಕ್ಕೆ ನಡೆದರೆ ಹರಗೋಲು ಬಂದು ನಿಲ್ಲುವ ಒಂದು ಕಟ್ಟೆ ಸಿಗುತ್ತಿತ್ತು. ಅಲ್ಲಿ ನಿಂತು ನೋಡಿದರೆ ಎದುರಿಗೆ ಕಾಣುವ ನಾಲ್ಕು ಬೇವಿನ ಮರ ಮತ್ತು ಮಣ್ಣಿನ ಮಾಳಿಗೆಗಳೇ ಅಕ್ಕನ ಊರು. ಕೊಡುವಾಗ ಅಪ್ಪ, ಹೊಳೆ ದಾಟಿದರೆ ಮಗಳ ಮನೆ ಎಂದು ಸಮಾಧಾನ ಹೇಳಿದ್ದ. ಹೊಳೆ ದಾಟುವುದು ಸುಲಭವಾಗಿತ್ತು, ಆದರೆ ನಮ್ಮ ದಂಡೆಯ ಮೇಲೆ ಸುಂಕದ ನಾಕಾ ಇತ್ತು.

ಅಕ್ಕ ಎರಡು ಸಲ ಬಸುರಾಗಿದ್ದಳು. ನಮ್ಮ ಅವ್ವ ಓಣಿಯ ಹೆರಿಗೆಗಳನ್ನು ಮಾಡಿಸುವವಳು, ಅವಳ ಕೈಗುಣವನ್ನು ಊರೇ ಹೊಗಳುತ್ತಿತ್ತು. ಎರಡೂ ಸಲ ಅವ್ವ ಮಗಳನ್ನು ಕರೆಯಲು ಹೇಳಿ ಕಳಿಸಿದಳು. ಎರಡೂ ಸಲ ಅಕ್ಕನ ಅತ್ತೆ, ಸುಗ್ಗಿ ಮುಗಿಯಲಿ, ಆಮೇಲೆ ಕಳಿಸುತ್ತೇವೆ ಎಂದಳು. ಮೊದಲನೆಯ ಕೂಸು ಹುಟ್ಟುವಾಗಲೇ ಹೋಯಿತು. ಎರಡನೆಯದು ನಾಲ್ಕಾರು ದಿನ ಉಸಿರಾಡಿ, ಹೆಸರಿಡುವ ಮುಂಚೆ ಹೋಯಿತು. ಆ ಮೇಲೆ ಮೂರು ವರ್ಷ ಅಕ್ಕ ಖಾಲಿ ಇದ್ದಳು. ಆ ವರ್ಷ ಮತ್ತೆ ನಿಂತಿದೆ, ಏಳು ತಿಂಗಳು ತುಂಬಿದೆ ಎಂದು ಸುದ್ದಿ ಬಂದಾಗ ಅವ್ವ ನನ್ನನ್ನು ಆಳಂದದಿಂದ ಕರೆಸಿದಳು. "ಕುಬಸದ ಸೀರಿ ತಗೊಂಡು ಹೋಗು. ಅಕ್ಕನ್ನ ಕರಕೊಂಡೇ ಬಾ. ಬರೇ ಕೈಲೆ ಬಂದ್ರ ಈ ಹೊಸ್ತಿಲಾ ತುಳೀಬ್ಯಾಡ" ಎಂದಳು. ಅವ್ವ ಅಷ್ಟು ಬಿರುಸಾಗಿ ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಕಾಕಾ ಬಂಡಿ ಹೂಡಿದ. ಅಪ್ಪನ ತಮ್ಮ ಅವನು, ಒಳ್ಳೆಯ ಮನುಷ್ಯ, ಆದರೆ ಯಾರ ತಲೆಯ ಮೇಲೆ ಸರಕಾರಿ ರುಮಾಲು ಕಂಡರೂ ಅವನ ಕೈ ತಾನಾಗಿಯೇ ಜೋಡಿಕೊಳ್ಳುತ್ತಿತ್ತು. ದೀಪಾವಳಿ ಕಳೆದಿತ್ತು. ಹೊಳೆಯ ನಡುವೆ ಇನ್ನೂ ಆಳದ ನೀರಿತ್ತು, ಬಂಡಿಯನ್ನು ಈಚೆ ದಂಡೆಯಲ್ಲೇ ಬಿಟ್ಟು ಹರಗೋಲಿನಲ್ಲಿ ದಾಟಬೇಕಿತ್ತು. ನಾಕಾ ಎಂದರೆ ಸೋಗೆಯ ಒಂದು ಗುಡಿಸಲು, ಮುಂದೆ ಒಂದು ಕಲ್ಲು, ಕಲ್ಲಿನ ಮೇಲೆ ಅವನು, ಸುಂಕದ ಜವಾನ. ಹೊರಗಿನಿಂದ ಬಂದವನಲ್ಲ. ನಮ್ಮ ಸೀಮೆಯವನೇ, ನಮ್ಮ ಗಾಣದ ಎಣ್ಣೆ ತಿಂದವನೇ. ಅವನ ಕೈಯಲ್ಲಿ ಕಾಳಿನ ಚೀಲಗಳಿಗೆ ಚುಚ್ಚಿ ನೋಡುವ ಕಬ್ಬಿಣದ ಸಲಾಕೆ ಇತ್ತು. ಎಷ್ಟು ಚೀಲಗಳ ಕಸ ಹತ್ತಿತ್ತೋ, ಅದೇ ಸಲಾಕೆಯನ್ನು ಅವ್ವ ಅಕ್ಕನಿಗೆಂದು ಮಾಡಿ ಕಳಿಸಿದ್ದ ಹೋಳಿಗೆಯ ಬುಟ್ಟಿಗೆ ಚುಚ್ಚಿದ. ತಳಮಟ ಚುಚ್ಚಿ, ತಿರುವಿ, ಹೊರಗೆ ತೆಗೆದು, ತುದಿಗೆ ಹತ್ತಿದ್ದ ಹೂರಣವನ್ನು ಬೆರಳಿನಿಂದ ಒರೆಸಿ ಬಾಯಿಗೆ ಹಾಕಿಕೊಂಡ. "ಛಲೋ ಆಗ್ಯಾವ" ಎಂದ. ಕಾಕಾ ನಕ್ಕ. ನನಗೆ ಮೈ ಉರಿಯಿತು.

ಅದೇ ಹೊತ್ತಿಗೆ ಆಚೆಯಿಂದ ಹರಗೋಲು ಬಂತು. ಅದರಿಂದ ಮೂವರು ಬಸುರಿಯರು ಇಳಿದರು, ನಡುವಿಗೆ ಕೈಕೊಟ್ಟು, ಏದುಸಿರು ಬಿಡುತ್ತ. ಭಾಗ್ಯವಂತಿಗೆ ಹರಕೆ ಇದೆ ಎಂದರು. ಅವನು ಸಲಾಕೆಯನ್ನು ಕೆಳಗಿಟ್ಟು, ಮುಖವನ್ನು ಆಚೆ ತಿರುಗಿಸಿ, ಹೋಗಿ ಬರ್ರವ್ವಾ ಎಂದ. ಬಸುರಿ ಹೆಂಗಸನ್ನು ತಡೆದರೆ, ಅದರಲ್ಲೂ ದೇವಿಗೆ ಹೊರಟವಳನ್ನು ತಡೆದರೆ ಮನೆತನಕ್ಕೆ ಒಳ್ಳೆಯದಾಗುವುದಿಲ್ಲ ಎಂಬ ಅಂಜಿಕೆ. ಹೋಳಿಗೆಗೆ ಸಲಾಕೆ ಚುಚ್ಚಿದವನಲ್ಲೂ ಇಷ್ಟು ಮರ್ಯಾದೆ ಉಳಿದಿದೆಯಲ್ಲ ಎಂದು ನಾನು ಅವತ್ತು ಅಂದುಕೊಂಡೆ.

ಅಕ್ಕನ ಊರು ಸಣ್ಣದು. ಒಂದು ಬೀದಿ, ಬೀದಿಯ ಕೊನೆಗೆ ಹೊಳೆ. ನೀರು ಇಳಿದ ಉಸುಕಿನಲ್ಲಿ ಬದನೆ, ಸೌತೆ ಹಾಕುತ್ತಿದ್ದರು. ಮೇಲಿನ ಎರೆ ಹೊಲಗಳಲ್ಲಿ ಜೋಳ ಮೊಣಕಾಲುದ್ದ ನಿಂತಿತ್ತು. ಆದರೆ ಊರಿನ ನಿಜವಾದ ಬೆಳೆ ಹೊಲದಲ್ಲಿರಲಿಲ್ಲ ಎಂಬುದು ಆ ಸಂಜೆಯೇ ಗೊತ್ತಾಯಿತು. ಅಕ್ಕನ ಅತ್ತೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರಿದ್ದರು. ನಡುವೆ ಮಿಲ್ಲಿನ ಬಟ್ಟೆಯ ತಾನುಗಳು. ಲಡಾಯಿಯ ದೆಸೆಯಿಂದ ಮೊಗಲಾಯಿಯಲ್ಲಿ ಬಟ್ಟೆ ಸಿಗದಂತಾಗಿತ್ತು. ನಮ್ಮ ದಂಡೆಯ ಅಂಗಡಿಯವರು ಎಷ್ಟು ತಂದರೂ ಕೊಳ್ಳುತ್ತಿದ್ದರು. ಒಬ್ಬ ಹೆಂಗಸು ಕೈ ಎತ್ತಿ ನಿಂತಳು, ಇನ್ನಿಬ್ಬರು ಅವಳ ಹೊಟ್ಟೆಗೆ ದೋತರ ಸುತ್ತಿ, ಮೇಲೆ ಹಳೆಯ ಕೌದಿಯ ತುಂಡು ಇಟ್ಟು ದುಂಡಗೆ ಮಾಡಿ, ಸೀರೆ ಉಡಿಸಿದರು. ಬೆಳಿಗ್ಗೆ ಕಂಡ ಮೂವರು ಬಸುರಿಯರಲ್ಲಿ ಇಬ್ಬರು ಚಪ್ಪಟೆ ಹೊಟ್ಟೆ ಹೊತ್ತು ಅಲ್ಲೇ ಎಲೆ ಅಡಿಕೆ ಮೆಲ್ಲುತ್ತಿದ್ದರು.

ಅವರ ಭಾಷೆಯೇ ಬೇರೆಯಾಗಿತ್ತು. ಒಂದು ಜೋಡಿ ದೋತರ ಕಟ್ಟಿದರೆ ಐದು ತಿಂಗಳು, ಇನ್ನಷ್ಟು ಕಟ್ಟಿದರೆ ಏಳು ತಿಂಗಳು. ಒಂಬತ್ತು ತಿಂಗಳು ಯಾರೂ ಕಟ್ಟುವುದಿಲ್ಲವಂತೆ, ಹರಗೋಲು ಹತ್ತಲು ಆಗುವುದಿಲ್ಲವಂತೆ. ಒಬ್ಬಳು ಮುದುಕಿ ತನಗೂ ಕಟ್ಟಿರಿ ಎಂದು ಎದ್ದು ನಿಂತು, ಸೊಂಟ ಹಿಡಿದು ನರಳಿ ತೋರಿಸಿದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇದನ್ನು ನಾನು ಕಳವು ಎನ್ನಲಾರೆ. ಒಂದೇ ನೀರು ಕುಡಿಯುವ ಎರಡು ಊರುಗಳ ನಡುವೆ ಗುಡಿಸಲು ಹಾಕಿ, ಮೈಮೇಲಿನ ಬಟ್ಟೆಗೆ ಸುಂಕ ಕೇಳುವವರದು ಕಳವು. ಆ ಹೆಂಗಸರ ಜಾಣತನಕ್ಕೆ ನಾನು ಈಗಲೂ ತಲೆದೂಗುತ್ತೇನೆ.

ಆದರೆ ಅಕ್ಕ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ನಿಂತಿದ್ದಳು. ಅತ್ತೆ ಅವಳ ಕಡೆ ಗಲ್ಲ ತೋರಿಸಿ ನನಗೆ ಹೇಳಿದಳು:

"ನಿಮ್ಮಕ್ಕನಂತಾಕಿ ಈ ಊರಾಗ ಯಾರೂ ಇಲ್ಲ ನೋಡವ್ವಾ. ಉಳದಾವ್ರು ನಡುನೀರಾಗ ನಗ್ತಾರ. ಈಕಿ ಮಾರಿ ಸಣ್ಣದು ಮಾಡಿಕೊಂಡು ಹೋದ್ರ ಎಂಥಾಂವಾದ್ರೂ ನಂಬಾವ್ನ. ಮೂರು ವರ್ಷ ಮನಿ ನಡಸಿದಾಕಿ ಈಕಿನ."

ಹೊಗಳುತ್ತಿದ್ದಳು. ನಿಜವಾಗಿಯೂ ಹೊಗಳುತ್ತಿದ್ದಳು.

ಮರುದಿನ ಬಟ್ಟೆ ಒಗೆಯಲು ಹೊಳೆಗೆ ಹೋದಾಗ ಅಕ್ಕ ಹೇಳಿದಳು. ನಾನು ಕೇಳಿರಲಿಲ್ಲ, ಅವಳೇ ಕಲ್ಲಿನ ಮೇಲೆ ಸೀರೆ ಕುಕ್ಕುತ್ತ, ನನ್ನ ಮುಖ ನೋಡದೆ ಹೇಳಿದಳು. ಎರಡನೆಯ ಕೂಸು ಹೋದ ಮೇಲೆ ಮೊದಲ ಸಲ ಕಟ್ಟಿದರು. ಇನ್ನೂ ಎದೆಯಲ್ಲಿ ಹಾಲು ಬತ್ತಿರಲಿಲ್ಲ. "ಹೆಂಗೂ ಖಾಲಿ ಐತಿ, ಏನರೆ ಹೊರ್ಲಿ" ಎಂದಳಂತೆ ಅತ್ತೆ. ಹಾಲು ಸೋರಿ ದೋತರಕ್ಕೆ ಕಲೆಯಾಯಿತು. ಅಂಗಡಿಯವನು ಆ ತುಂಡನ್ನು ತಗೊಳ್ಳಲಿಲ್ಲ. ಅದಕ್ಕೂ ಮನೆಯಲ್ಲಿ ಅಕ್ಕನಿಗೇ ಬೈದರು.

"ಭಾವ ಏನಂದ?" ಎಂದು ಕೇಳಿದೆ.

"ಏನಂತಾನ. ತನ್ನ ಅವ್ವ ಹೇಳಿದಾಳಂದ್ರ ಆತು."

ಇನ್ನೊಂದು ಸಂಗತಿ ಹೇಳುವಾಗ ಅವಳ ಕೈ ನಿಂತಿತು. ನಾಕಾದವನು ಗುಡಿಯ ದಾರಿಯನ್ನೇ ನೋಡುತ್ತಿರುತ್ತಿದ್ದ, ಅದಕ್ಕೇ ಇವರು ಗುಡಿಗೆ ಹೋಗಿಯೇ ತೀರಬೇಕಿತ್ತು. ಬಟ್ಟೆಯ ಹೊಟ್ಟೆ ಹೊತ್ತು ಅಕ್ಕ ಪ್ರತಿ ಸಲ ಭಾಗ್ಯವಂತಿಯ ಮುಂದೆ ನಿಂತಿದ್ದಾಳೆ. ಪೂಜಾರಿಯ ಹೆಂಡತಿ ಅವಳ ಹಣೆಗೆ ಭಂಡಾರ ಹಚ್ಚಿ, ಗಂಡು ಹಡಿ ತಾಯಿ ಎಂದು ಹರಸಿದ್ದಾಳೆ.

"ಅಷ್ಟು ಸಲ ಆಕಿ ಮುಂದ ಸುಳ್ಳು ಬಸುರಿ ಆಗಿ ನಿಂತೇನಿ, ತಂಗೀ. ಈಗ ಖರೇ ಬಸುರಿ ಅದೇನಿ ಅಂದ್ರ ಆಕಿ ನಂಬ್ತಾಳೇನು? ದಿನಾ ಮುಟ್ಟಿ ನೋಡ್ಕೋತೇನಿ. ಒದ್ದರ ಸಮಾಧಾನ. ಒದೀಲಿಲ್ಲಂದ್ರ, ನಂದೂ ಅರಿವೀನ ಏನೋ ಅನಸ್ತದ."

ನನಗೆ ಕಲ್ಲು ಎತ್ತಿ ಯಾರ ತಲೆಯ ಮೇಲಾದರೂ ಹಾಕಬೇಕು ಅನ್ನಿಸಿತು. ಅಕ್ಕನನ್ನು ಅಲ್ಲಿಯೇ ಬಿಟ್ಟು ಸೀದಾ ಮನೆಗೆ ಹೋದೆ. ಅತ್ತೆ ಜೋಳ ಹಸನು ಮಾಡುತ್ತಿದ್ದಳು. ನಿಮ್ಮ ಮಗಳೇ ಆಗಿದ್ದರೆ ಹಾಲು ಸೋರುವ ಮೈಗೆ ಬಟ್ಟೆ ಕಟ್ಟುತ್ತಿದ್ದಿರಾ ಎಂದು ಕೇಳಿದೆ. ಅವಳು ಮೊರವನ್ನು ನಿಲ್ಲಿಸಲಿಲ್ಲ. "ಊರಾಗ ಎಲ್ಲಾರೂ ಕಟ್ಟತಾರ. ನಾನೂ ಕಟ್ಟೇನಿ. ಈಗ ಹೊಲ ಒಂದರ ಮ್ಯಾಲೆ ಯಾರಿಗಿ ನಡೀತೈತಿ" ಎಂದಳು. ಅವಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ನಾನು ಏನು ಕೇಳುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಕೆಟ್ಟವಳಾಗಿದ್ದರೆ ಎದುರಿಗೆ ನಿಂತು ಜಗಳವಾಡಬಹುದಿತ್ತು. ಅವಳೊಡನೆ ಅದೂ ಆಗಲಿಲ್ಲ.

ಅಮಾವಾಸ್ಯೆಯ ದಿನ ಹೊರಡುವುದೆಂದು ಗೊತ್ತಾಯಿತು. ಬಸುರಿಯ ಕುಬಸದ ಶಾಸ್ತ್ರ ಮುಗಿಸಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅಕ್ಕನ ಉಡಿಗೆ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು ತುಂಬಿದರು. ಕಾಕಾ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ. ಆಗ ಅತ್ತೆ ಒಳಗಿನಿಂದ ಎರಡು ದೋತರ ತಂದಳು.

"ಖರೇ ಹೊಟ್ಟಿ ಇದ್ದಾಗ ಇನ್ನೂ ಛಲೋ. ಮ್ಯಾಲೊಂದೀಟು ಸುತ್ತೂಣು. ಏಳಕ್ಕ ಎರಡು ಕೂಡಿದ್ರ ಒಂಬತ್ತು, ಅಷ್ಟ."

ಅಕ್ಕ ಕಂಬ ಹಿಡಿದುಕೊಂಡಳು. ನಾನು ಆ ದೋತರಗಳನ್ನು ಅತ್ತೆಯ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದೆ. ಸಗಣಿ ಸಾರಿಸಿದ ಹಸಿ ನೆಲ, ಬಿಳಿಯ ಬಟ್ಟೆ. ಕಾಕಾ ಬಾಗಿಲಲ್ಲಿ ಇಣುಕಿ, "ಹೋಗ್ಲಿ ಬಿಡವ್ವಾ, ಬೀಗರ ಮನಿ" ಎಂದ. ಈ "ಹೋಗ್ಲಿ ಬಿಡು" ಎಂಬ ಮಾತಿನಲ್ಲೇ ನಮ್ಮ ಮನೆಯ ಗಂಡಸರು ಆಯುಷ್ಯ ಕಳೆದರು. ಅತ್ತೆ ಬಟ್ಟೆ ಎತ್ತಿಕೊಂಡು ಒಗೆಯಲು ಹಾಕಿ, ಏನೂ ಆಗದವಳಂತೆ ನಮ್ಮ ಜೊತೆ ಹೊಳೆಗೆ ಬಂದಳು. ಸೊಸೆಯನ್ನು ಆಚೆ ದಂಡೆ ಮುಟ್ಟಿಸಿ ಗುಡಿಗೂ ಹೋಗಿ ಬರುವುದು ಅವಳ ಲೆಕ್ಕ.

ಹರಗೋಲಿನಲ್ಲಿ ನಾವು ನಾಲ್ವರಲ್ಲದೆ ಓಣಿಯ ಇನ್ನಿಬ್ಬರು ಹೆಂಗಸರಿದ್ದರು. ಇಬ್ಬರದೂ ಬಟ್ಟೆಯ ಬಸಿರು. ನಡುನೀರಿಗೆ ಬಂದಾಗ ಅಂಬಿಗ ಹುಟ್ಟು ಹಾಕುತ್ತಲೇ ಸುದ್ದಿ ಹೇಳಿದ. ಕೆಳಗಿನ ಕಟ್ಟೆಯಲ್ಲಿ ಒಬ್ಬಳು ಇಳಿಯುವಾಗ ಹೊಟ್ಟೆ ಜಾರಿ ನೀರಿಗೆ ಬಿತ್ತಂತೆ. ತೇಲಿ ಹೋದ ದೋತರಗಳನ್ನು ಮೇಲಿನ ಅಧಿಕಾರಿಯೇ ಕಣ್ಣಾರೆ ನೋಡಿದನಂತೆ. ಆ ಕಟ್ಟೆಯ ಜವಾನನ ನೌಕರಿ ಅವತ್ತೇ ಹೋಯಿತಂತೆ. "ನಮ್ಮಂವ ಎರಡು ದಿನದಿಂದ ಹುಚ್ಚ ಆದಂಗ ಆಗ್ಯಾನ. ಯಾರನ್ನರೆ ಒಬ್ಬಾಕಿನ್ನ ಹಿಡೀಬೇಕಂತ ಕುಂತಾನ" ಎಂದ ಅಂಬಿಗ. ಆ ಇಬ್ಬರು ಹೆಂಗಸರು ಸೆರಗು ಬಿಗಿದುಕೊಂಡರು. ನಮಗೇಕೆ ಅಂಜಿಕೆ, ನಮ್ಮದು ನಿಜವಾದದ್ದು ಎಂದು ನಾನು ಅಕ್ಕನ ಕೈ ಒತ್ತಿದೆ.

ಇಬ್ಬರು ಮೊದಲು ಇಳಿದರು. "ಅಮಾಸಿಗಿ ಭಾಗ್ಯವಂತಿ ಅವ್ವನ ಕಡಿ ಹೊಂಟೇವ್ರಿ" ಎಂದು ನಗುತ್ತ ಹೇಳಿದರು. ಅವನು ಅವರನ್ನು ನೋಡಲೂ ಇಲ್ಲ. ಅವನ ಕಣ್ಣು ಅಕ್ಕನ ಮೇಲಿತ್ತು. ನಾವು ಉಸುಕಿಗೆ ಕಾಲಿಡುತ್ತಲೇ ಸಲಾಕೆಯನ್ನು ಅಡ್ಡ ಹಿಡಿದ.

"ಈಕಿ ನಿಲ್ಲಲಿ."

"ಯಾಕ್ರಿ ಸಾಹೇಬ್ರ?" ಎಂದ ಕಾಕಾ. ಕೈಗಳು ಆಗಲೇ ಜೋಡಿಕೊಂಡಿದ್ದವು.

"ಈಕಿನ್ನ ನಾ ಬಲ್ಲೆ. ಮೂರು ವರ್ಷ ಆತು, ಯಾವಾಗ ನೋಡಿದ್ರೂ ಏಳು ತಿಂಗಳು. ಹಡದದ್ದು ಎಲ್ಲಿ ಅದ? ಒಂದರೆ ಕೂಸು ತೋರಸು, ಬಿಡ್ತೇನಿ."

ಕಟ್ಟೆಯ ಮೇಲೆ ಹತ್ತಿಯ ಬಂಡಿಗಳವರು ನಿಂತಿದ್ದರು, ಗುಡಿಗೆ ಹೊರಟ ಜನ ಇದ್ದರು. ಯಾರೋ ನಕ್ಕರು. ಎರಡು ಕೂಸು ಮಣ್ಣು ಮಾಡಿದವಳನ್ನು ಅವನು ಕೂಸು ತೋರಿಸು ಎನ್ನುತ್ತಿದ್ದ. ಆ ಇಬ್ಬರು ಓಣಿಯ ಹೆಂಗಸರಿಗೆ ಇದೆಲ್ಲ ಕೇಳಿಸಿತು. ಆಕೆಯದು ನಿಜವಾದದ್ದು ಎಂದು ಒಂದು ಮಾತು ಹೇಳಬಹುದಿತ್ತು. ಅವರು ತಿರುಗಿ ನೋಡದೆ ಗುಡಿಯ ದಾರಿ ಹಿಡಿದರು. ಕೂಗಿ ಅವರನ್ನು ತೋರಿಸಿಬಿಡಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದು ಹಿಂಡಿದಳು. ಅವಳು ಹಿಂಡಿದ ಜಾಗದಲ್ಲಿ ಬಳೆ ಒಡೆದು ನೆತ್ತರು ಬಂತು.

ಅತ್ತೆ ಮುಂದೆ ಬಂದಳು. "ಭಾಗ್ಯವಂತಿ ಆಣಿಗೂ ಖರೇ ಐತ್ರಿ, ಏಳು ತುಂಬೈತಿ."

"ಹೋದ ವರ್ಷಾನೂ ಇದೇ ಆಣಿ ಹಾಕಿದ್ದಿ. ಅದರ ಹಿಂದಿನ ವರ್ಷಾನೂ ಹಾಕಿದ್ದಿ. ಎಷ್ಟು ಆಣಿ ಅವ ನಿನ್ನ ಕಡಿ?"

ಇದ್ದ ಒಂದೇ ಆಣೆಯನ್ನು ದೋತರಗಳಿಗಾಗಿ ಸುರಿದುಬಿಟ್ಟಿದ್ದರು. ನಿಜಕ್ಕೆ ಬೇಕಾದಾಗ ಅದು ಖಾಲಿಯಾಗಿತ್ತು. ಅವನು ಗುಡಿಸಲಿನ ಕಡೆ ತೋರಿಸಿ, ಒಳಗೆ ಬಂದು ಸೀರೆ ಬಿಚ್ಚಿ ತೋರಿಸಲಿ, ಇಲ್ಲವಾದರೆ ಬಂದ ಹರಗೋಲಿನಲ್ಲೇ ಹಿಂದಕ್ಕೆ ಹೋಗಲಿ ಎಂದ. ಹೇಳುತ್ತ ಸಲಾಕೆಯ ತುದಿಯನ್ನು ಅಕ್ಕನ ತುಂಬಿದ ಉಡಿಯ ಹತ್ತಿರ ತಂದ. ನಾನು ಆ ಸಲಾಕೆಯನ್ನು ಹಿಡಿದುಕೊಂಡೆ.

"ಕೈ ಬಿಡಬೇ."

"ಬಿಡಂಗಿಲ್ಲ. ನಮ್ಮ ಹೋಳಿಗಿಗಿ ಚುಚ್ಚಿದಿ, ತಿಂದಿ. ಇದು ಹೋಳಿಗಿ ಅಲ್ಲ."

ಅವನು ಎಳೆದ, ನಾನೂ ಎಳೆದೆ. ಕಾಕಾ ನಡುವೆ ಬಂದು ನನ್ನನ್ನೇ ಗದರಿಸಿದ. ಗಾಣದ ಮನೆಯವರು ನಾವು, ಎಣ್ಣೆ ಕಳಿಸುತ್ತೇವೆ, ತಪ್ಪಾಯಿತು ಎಂದ. ಏನು ತಪ್ಪು ಎಂದು ನಾನು ಕೂಗಿದೆ. ಆ ಗದ್ದಲದಲ್ಲಿ ಅತ್ತೆ ಅಕ್ಕನ ರಟ್ಟೆ ಹಿಡಿದು ಮೆಲ್ಲಗೆ ಹೇಳಿದಳು: "ಹೊಳ್ಳಿ ಹೋಗೂಣು ಬಾ. ನಮ್ಮನ್ಯಾಗ ಹಡದ್ರಾತು. ಮುಂದಿಂದು ಮುಂದ."

ಆ ಮಾತು ಕೇಳಿ ನಾನು ಸಲಾಕೆಯನ್ನು ಬಿಟ್ಟೆ. ಮೂರನೆಯ ಸಲ ಅದೇ ಮನೆ. ಅವ್ವ ಹೊಸ್ತಿಲಲ್ಲಿ ಕಾಯುತ್ತ ನಿಂತದ್ದು ಕಣ್ಣ ಮುಂದೆ ಬಂತು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಅತ್ತೆಯ ಕೈಯನ್ನು ಬಿಡಿಸಿಕೊಂಡಳು.

"ಅತ್ತೀ, ನೀವು ಖರೇ ಹೇಳ್ರಿ. ಹಿಂದಿನವೆಲ್ಲಾ ಸುಳ್ಳಿದ್ವು ಅಂತ ಹೇಳ್ರಿ. ಅವು ಸುಳ್ಳಂದ್ರ ಇದು ಖರೇ ಆಗ್ತದ."

"ಹುಚ್ಚಿ ಅದೀಯೇನು? ಊರಿಗೂರೇ ಸಿಗೂದಿಲ್ಲೇನು?"

"ಹೇಳಂಗಿಲ್ಲ?"

ಅತ್ತೆ ಹೊಳೆಯ ಕಡೆ ನೋಡಿದಳು. ಅಕ್ಕ ಉಡಿಯನ್ನು ಎರಡೂ ಕೈಯಿಂದ ಹಿಡಿದು, ನಿಧಾನವಾಗಿ, ನಾಕಾದ ಕಲ್ಲಿನ ಎದುರಿಗೆ ಉಸುಕಿನಲ್ಲಿ ಕುಳಿತಳು. ಅವಳು ಗಂಡಸರ ಮುಂದೆ ದನಿ ಎತ್ತಿದವಳಲ್ಲ. ಮದುವೆಯಲ್ಲೂ ಅವಳ ದನಿ ಯಾರಿಗೂ ಕೇಳಿರಲಿಲ್ಲ. ಅವತ್ತು ಆ ಕಟ್ಟೆಯಲ್ಲಿ ಇದ್ದವರಿಗೆಲ್ಲ ಕೇಳುವಂತೆ ಮಾತಾಡಿದಳು.

"ಜವಾನರ, ಕೇಳ್ರಿ. ಮೂರು ವರ್ಷ ನಾ ಹೊತ್ತದ್ದು ಅರಿವಿ. ಮಿಲ್ಲಿನ ದೋತರ. ನಿಮ್ಮ ಮುಂದನ ಹಾದು ಹೋಗೇನಿ. ಪ್ರತಿ ಸಲ ನೀವು ಮಾರಿ ಹೊಳ್ಳಿಸಿ, ಹೋಗಿ ಬಾರವ್ವ ಅಂದೀರಿ. ಅವೆಲ್ಲಾ ಸುಳ್ಳು. ಇದೊಂದು ಖರೇ ಅದ. ನಂಬಲಿಲ್ಲಂದ್ರ ನಾ ಇಲ್ಲೇ ಕೂಡ್ತೇನಿ. ಹಡಿಯೂತನಾ ಇಲ್ಲೇ ಕೂಡ್ತೇನಿ. ಅರಿವಿ ಬರ್ತದೋ ಕೂಸು ಬರ್ತದೋ ನೀವ ನೋಡ್ರಿ."

ಹತ್ತಿಯ ಬಂಡಿಯವರು ನಗುವುದನ್ನು ನಿಲ್ಲಿಸಿದರು. ನಾಕಾದವನು ಒಂದು ಗಳಿಗೆ ಗೆದ್ದವನಂತೆ ಅವರ ಕಡೆ ನೋಡಿದ. ಕೂಡಲೇ ಅವನ ಮುಖ ಬದಲಾಯಿತು. ಅವಳ ಮಾತು ಅವನ ತಲೆಗೆ ಈಗ ಹತ್ತಿತ್ತು. ಮೂರು ವರ್ಷ ತನ್ನ ಕಣ್ಣ ಮುಂದೆಯೇ ಬಟ್ಟೆ ಹೋಗಿದೆ, ತಾನೇ ದಾರಿ ಬಿಟ್ಟಿದ್ದೇನೆ. ಇಷ್ಟು ಜನ ಅದನ್ನು ಕೇಳಿದ್ದಾರೆ. ಕೆಳಗಿನ ಕಟ್ಟೆಯವನ ನೌಕರಿ ಹೋದದ್ದು ಒಂದೇ ಒಂದು ಹೊಟ್ಟೆಗೆ.

"ಸುಮ್ಮನಿರು. ಯಾರು ಕೇಳಿದ್ರು ಅದನ್ನ?" ಎಂದ ತಗ್ಗಿದ ದನಿಯಲ್ಲಿ.

"ನೀವ ಕೇಳಿದ್ರಿ."

"ಬಾಯಿ ಮುಚ್ಚಬೇ" ಎಂದಳು ಅತ್ತೆ ಈ ಕಡೆಯಿಂದ. ಸುಂಕದವನೂ ಸುಂಕ ತಪ್ಪಿಸುವವಳೂ ಒಂದೇ ಮಾತು ಹೇಳಿದರು. ಅಕ್ಕ ಅದನ್ನೇ ಮತ್ತೊಮ್ಮೆ ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಹೇಳತೊಡಗಿದಳು. ಅವಳು ದೋತರ ಎನ್ನುವಷ್ಟರಲ್ಲಿ ಅವನು ಸಲಾಕೆಯನ್ನು ಗುಡಿಸಲಿನ ಒಳಗೆ ಎಸೆದು, "ಹೋಗವ್ವಾ, ಎದ್ದು ಹ್ವಾದ್ರ ಸಾಕು" ಎಂದ. ಅವಳಿಗೆ ಅವ್ವಾ ಎಂದದ್ದು ಅವತ್ತು ಅದೇ ಮೊದಲು. ಅಕ್ಕ ಎದ್ದಳು. ಸೀರೆಗೆ ಹತ್ತಿದ ಉಸುಕನ್ನು ಕೊಡವಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಂಡಿಯವರೆಗೆ ನಡೆದಳು. ಅತ್ತೆ ಗುಡಿಗೆ ಬರಲಿಲ್ಲ, ಅದೇ ಹರಗೋಲಿನಲ್ಲಿ ತಿರುಗಿ ಹೋದಳು.

ಅವನು ನಂಬಿ ಬಿಟ್ಟನೆಂದು ಕಾಕಾ ಆಮೇಲೆ ಎಲ್ಲರಿಗೂ ಹೇಳಿದ. ಸುಳ್ಳು. ಅವನು ನಂಬಲಿಲ್ಲ, ಹೆದರಿದ. ಹೆದರಿಕೆಯಿಂದ ಬಿಟ್ಟದ್ದನ್ನು ದಯೆ ಎಂದು ಹೇಳಿಕೊಂಡು ತಿರುಗಿದರೆ ನನಗೆ ಇನ್ನಷ್ಟು ರೇಗುತ್ತದೆ.

ಘತ್ತರಗಿಯ ಗುಡಿಯ ಶಿಖರ ಕಂಡಾಗ ಕಾಕಾ ಎತ್ತುಗಳನ್ನು ತಡೆದು, ಕೈ ಮುಗಿದು ಹೋಗೋಣವೇ ಎಂದು ಕೇಳಿದ. ಅಕ್ಕ ತಲೆಯಾಡಿಸಿದಳು. "ಈಗ ಬ್ಯಾಡ ಕಾಕಾ. ಹೊಟ್ಟಿ ತೋರಸಿದ್ರ ಆಕಿ ನಂಬಂಗಿಲ್ಲ. ಕೂಸು ತಗೊಂಡೇ ಬರ್ತೇನಿ" ಎಂದಳು. ಸಂಜೆಗೆ ಅಫಜಲಪುರ ಮುಟ್ಟಿದೆವು. ಅವ್ವ ಹೊಸ್ತಿಲಲ್ಲೇ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಕೂಸು ಬಲಕ್ಕ ಅದ" ಎಂದು ಒಂದೇ ಮಾತು ಹೇಳಿದಳು. ಆಗ ಅಕ್ಕ ಅತ್ತಳು.

ಹೆಣ್ಣು ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅವ್ವನ ಬೆರಳುಗಳು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾವು ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಹೊಳೆಯಾಚೆ ಸುದ್ದಿ ಹೋಯಿತು. ಯಾರೂ ಬರಲಿಲ್ಲ. ಆ ಕಟ್ಟೆಯಲ್ಲಿ ಮುಂದೆ ಯಾವ ಬಸುರಿಗೂ ದಾರಿ ಸಿಗದಂತಾಗಿತ್ತು, ಊರ ಅನ್ನಕ್ಕೆ ಕಲ್ಲು ಹಾಕಿದಳು ಎಂದು ಊರೆಲ್ಲ ಅಕ್ಕನನ್ನು ಬೈಯುತ್ತಿತ್ತು. ತೊಟ್ಟಿಲಿಗೆ ಹಾಕುವ ದಿನ ಭಾವ ಒಬ್ಬನೇ ಬಂದ. ಕೂಸಿನ ಕಾಲನ್ನು ಮುಟ್ಟಿ ನೋಡಿ, ಉಂಡು, ಒಂದು ಗಂಟು ಇಟ್ಟು ಹೋದ. ಬಿಚ್ಚಿದರೆ ಮಿಲ್ಲಿನ ಬಟ್ಟೆಯಲ್ಲಿ ಹೊಲಿದ ಕುಂಚಿಗೆ, ಅತ್ತೆಯ ಕೈಹೊಲಿಗೆ. ನಾನು ಅದನ್ನು ಒಲೆಗೆ ಹಾಕಲು ಹೊರಟೆ. ಅಕ್ಕ ಕಸಿದುಕೊಂಡು ಕೂಸಿಗೆ ತೊಡಿಸಿದಳು. ನನಗಿರುವ ಸಿಟ್ಟು ಅವಳಿಗಿರಲಿಲ್ಲ. ಅದಕ್ಕೇ ಅವಳ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಮುಂದೆ ಎಲ್ಲ ಮುಗಿದು ಹೋಯಿತು. ಎರಡು ಸರಕಾರ ಹೋಗಿ ಒಂದಾಯಿತು. ನಾಕಾದ ಸೋಗೆಯನ್ನು ಮಳೆ ತಿಂದಿತು, ಕಲ್ಲನ್ನು ಯಾರೋ ಬಟ್ಟೆ ಒಗೆಯಲು ಹೊತ್ತುಕೊಂಡು ಹೋದರು. ಅಷ್ಟು ಸುಲಭವಾಗಿ ಹೋಗುವಂಥದ್ದಾಗಿದ್ದರೆ ಅಷ್ಟು ವರ್ಷ ಯಾಕೆ ಕುಳಿತಿತ್ತು ಎಂದು ಕೇಳಲು ಯಾರೂ ಉಳಿದಿಲ್ಲ. ಅಕ್ಕನ ಮಗಳು ಜೇವರ್ಗಿಯಲ್ಲಿ ಶಾಲೆಯ ಮಾಸ್ತರಣಿಯಾಗಿದ್ದಾಳೆ. ಹೊಳೆಗೆ ಹೋದಾಗ ಈಜಿ ದಾಟುತ್ತಾಳೆ.

ಅದಕ್ಕೂ ಬಹಳ ಹಿಂದೆ, ಕೂಸಿಗೆ ತಿಂಗಳು ತುಂಬಿದಾಗ ಅಕ್ಕ ನನ್ನನ್ನು ಕರೆದುಕೊಂಡು ಘತ್ತರಗಿಗೆ ಹೋದಳು. ಬೆಳಗಿನ ಹೊತ್ತು, ಹೊಳೆಯ ಮೇಲಿನಿಂದ ಥಂಡಿ ಗಾಳಿ ಬೀಸುತ್ತಿತ್ತು. ಪೂಜಾರಿಯ ಹೆಂಡತಿ ಅಕ್ಕನ ಗುರುತು ಹಿಡಿದು, ಕೊನೆಗೂ ಹಡೆದಿಯಲ್ಲ ತಾಯಿ ಎಂದಳು. ಅಕ್ಕ ಗರ್ಭಗುಡಿಯ ಹೊಸ್ತಿಲ ಮುಂದೆ ಕುಳಿತು ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಹೊದಿಸಿದ್ದ ದುಪ್ಪಟಿ ತೆಗೆದಳು. ಕುಂಚಿಗೆ ಬಿಚ್ಚಿದಳು. ಅಂಗಿ ಬಿಚ್ಚಿದಳು. ಸೊಂಟಕ್ಕೆ ಸುತ್ತಿದ್ದ ಹಳೆಯ ಸೀರೆಯ ತುಂಡನ್ನೂ ಬಿಚ್ಚಿ ಬದಿಗಿಟ್ಟು, ಕೂಸನ್ನು ಎರಡೂ ಕೈಯಲ್ಲಿ ದೇವಿಯ ಕಡೆ ಎತ್ತಿ ಹಿಡಿದಳು. ಕೂಸು ಚಳಿಗೆ ಕಾಲು ಝಾಡಿಸಿ ಅಳತೊಡಗಿತು.

"ಥಂಡಿ ಅದ ತಂಗೀ, ಏನರೆ ಹೊಚ್ಚು" ಎಂದಳು ಪೂಜಾರಿಯ ಹೆಂಡತಿ.

"ತಡೀರಿ" ಎಂದಳು ಅಕ್ಕ. "ಒಂದು ಚೂರು ಅರಿವಿನೂ ಬ್ಯಾಡ. ಆಕಿ ನೋಡ್ಲಿ."